ಅಪ್ಪನ ಎಡಗೈಗೆ ನಲವತ್ತು ಕುಣಿಕೆ

ನಾನು ಹೆಣೆದು ಕಳಿಸಿದ ಸ್ವೆಟರಿನ ಎಡತೋಳಿಗೆ ಅವ್ವ ಕತ್ತರಿ ಹಾಕಿದಳು ಎನ್ನುವುದನ್ನು ತಮ್ಮ ಫೋನಿನಲ್ಲಿ ಹೇಳಿದ. 'ನೀ ಬ್ಯಾಸರ ಮಾಡ್ಕಬ್ಯಾಡಕ್ಕಾ. ಅಪ್ಪನ ಕೈ ಒಳಗ ಹೋಗ್ಲೇ ಇಲ್ಲ. ಬೆರಳು ಸಿಕ್ಕಂಡು ಚೀರಿಬಿಟ್ಟ. ಅವ್ವ ಹಿಂದ ಮುಂದ ನೋಡ್ಲಿಲ್ಲ' ಅಂದ. 22 ದಿನ ಕೂತು ಹೆಣೆದ ಸ್ವೆಟರು ಅದು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನನ್ನ ಬಾಯಿಂದ ಮೊದಲು ಬಂದ ಮಾತು ಬೇರೆಯೇ ಆಗಿತ್ತು: 'ಕತ್ತರಿಸಿದ ಮ್ಯಾಲೆ ಬಿಚ್ಚಿಕೊಂಡು ಹೋಗ್ಲಿಲ್ಲೇನೋ?'

'ಇಲ್ಲ. ಅವ್ವ ಅಂಚು ಸುತ್ತಾ ಹೊಲದಾಳ. ಈಗ ಹಾಕ್ಕೊಂಡು ಕುಂತಾನ.'

ಹೊಸಹಳ್ಳಿ ಎಂದರೆ ಎಲ್ಲರೂ ಕೇಳುವುದು ಯಾವ ಹೊಸಹಳ್ಳಿ ಎಂದು. ನಮ್ಮದು ಕೂಡ್ಲಿಗಿ ತಾಲೂಕಿನದು. ನಾನು ಓದುವಾಗ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಇಲ್ಲಿಯ ಬಿಸಿಲು ಕಂಡವರು ಸ್ವೆಟರಿನ ಮಾತೆತ್ತಿದರೆ ನಗುತ್ತಾರೆ. ನಮ್ಮ ಕಡೆ ಸ್ವೆಟರು ತೊಡುವವರು ಎರಡೇ ಬಗೆ: ನಸುಕಿನಲ್ಲಿ ಹಾಲಿನ ಕ್ಯಾನು ಹೊತ್ತು ಹೋಗುವವರು, ಇನ್ನೊಂದು ತೊಟ್ಟಿಲ ಕೂಸು. ಕೂಸಿಗಂತೂ ಏಪ್ರಿಲ್ ತಿಂಗಳಲ್ಲೂ ಕುಲಾಯಿ, ಸ್ವೆಟರು ತಪ್ಪಿದ್ದಲ್ಲ. ಬೆವತು ಅತ್ತರೆ ಚಳಿಗೆ ಅಳುತ್ತಿದೆ ಎಂದು ಇನ್ನೊಂದು ಸುತ್ತು ಬಟ್ಟೆ ಸುತ್ತುವವರು ನಾವು. ಆದರೆ ಪುಷ್ಯ ಮಾಸದ ರಾತ್ರಿ ಬೇರೆ. ತಡೆಯಲು ಮರವಿಲ್ಲದ ಬಯಲಿನ ಗಾಳಿ ನೇರ ಪಡಸಾಲೆಗೆ ನುಗ್ಗುತ್ತದೆ. ಆ ಚಳಿಗೆ ನಮ್ಮವರ ಉತ್ತರ ಕಂಬಳಿ.

ಅಪ್ಪನಿಗೆ ಕಂಬಳಿ ಬರೀ ಹೊದಿಕೆಯಾಗಿರಲಿಲ್ಲ. ಮಳೆ ಬಂದರೆ ಅದೇ ಕೊಪ್ಪೆ, ಹೊಲದಲ್ಲಿ ಅದೇ ಹಾಸಿಗೆ, ಮನೆಯಲ್ಲಿ ದೇವರ ಕಾರ್ಯವಿದ್ದರೆ ಅದೇ ಗದ್ದುಗೆ. ಮೈಲಾರದ ಗೊರವಯ್ಯ ಎದುರು ಬಂದರೆ ಅಪ್ಪ ಮೊದಲು ಅವನ ಹೆಗಲ ಕರಿಕಂಬಳಿ ನೋಡಿ ಆಮೇಲೆ ಕೈಮುಗಿಯುತ್ತಿದ್ದ. ಜಾತ್ರೆಯಲ್ಲಿ ಕಂಬಳಿ ಕೊಳ್ಳುವಾಗ ಅವನು ನಡುಭಾಗವನ್ನು ಮುಟ್ಟುತ್ತಲೇ ಇರಲಿಲ್ಲ. ಒಂದು ತುದಿ ಹಿಡಿದು ಎರಡೂ ಹೆಬ್ಬೆರಳಿನಿಂದ ಜಗ್ಗಿ ನೋಡುವನು. ಹಾಸಿಗೆ ಹುಣಸೆಬೀಜದ ಗಂಜಿ ಕುಡಿಸಿ ನೇಯ್ದ ಹೊಸ ಕಂಬಳಿ ಹೇಗಿದ್ದರೂ ತಗಡಿನ ಹಾಗೆ ಸೆಟೆದು ನಿಂತಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮಗ್ಗದಿಂದ ಇಳಿಸಿದ ಮೇಲೆ ಹಾಸಿನ ಎಳೆಗಳು ತುದಿಯಲ್ಲಿ ಉಳಿಯುತ್ತವಲ್ಲ, ಅವನ್ನು ಹುರಿಮಾಡಿ ಗಂಟು ಹಾಕದಿದ್ದರೆ ಹೊಕ್ಕಿನ ನೂಲು ಒಂದೊಂದೇ ಜಾರಿ ಬರುತ್ತದೆ. 'ನಡು ಎಲ್ಲಾರೂ ಚೆಂದಾಗೇ ನೇಯ್ತಾರ, ತುದಿ ನೋಡಬೇಕು' ಎನ್ನುತ್ತಿದ್ದ.

ಹೋದ ವರ್ಷ ದಸರೆ ಮುಗಿದ ವಾರದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಭಾಗ. ತಿಂಗಳು ಕಳೆಯುವುದರೊಳಗೆ ಗೋಡೆ ಹಿಡಿದು ನಡೆಯುವಷ್ಟು ಕಾಲು ಬಂತು. ಕೈ ಬರಲಿಲ್ಲ. ಮೊದಲು ಸೋತು ಜೋತಾಡುತ್ತಿದ್ದ ಕೈ ಬರುಬರುತ್ತಾ ಬಿಗಿಯಿತು. ಮೊಳಕೈ ಮಡಚಿ, ಬೆರಳೆಲ್ಲಾ ಒಳಗೆ ಸೇರಿ ಮುಷ್ಟಿಯಾಯಿತು. ಮೆಲ್ಲಗೆ ಒಂದೊಂದೇ ಬೆರಳು ಬಿಡಿಸಿದರೆ ಬಿಚ್ಚುತ್ತದೆ, ಬಿಟ್ಟ ಕೂಡಲೇ ಮುಚ್ಚುತ್ತದೆ. ಒಂದು ಕೈಯಲ್ಲಿ ಅವನಿಗೆ ಕಂಬಳಿ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಆ ಭಾರಕ್ಕೆ ಅದು ಎಡಗಡೆಯೇ ಜಾರುತ್ತಿತ್ತು, ಯಾವ ಕಡೆ ಚಳಿಯಾಗುತ್ತದೋ ಆ ಕಡೆಯೇ. ಅದಕ್ಕೇ ನಾನು ಬೆಂಗಳೂರಿನಲ್ಲಿ ಕೂತು ಸ್ವೆಟರು ಶುರು ಮಾಡಿದ್ದು. ಮುಂದೆ ಗುಂಡಿ ಇಟ್ಟೆ, ತಲೆಯ ಮೇಲಿಂದ ತೊಡಿಸುವ ಕಷ್ಟ ಬೇಡವೆಂದು. ತೋಳು ಅಗಲ ಮಾಡಿದೆ. ಎಲ್ಲ ಯೋಚಿಸಿದೆ, ತೋಳಿನ ಮೊದಲ ಸಾಲೊಂದನ್ನು ಬಿಟ್ಟು.

ಅದನ್ನು ಯೋಚಿಸಬೇಕು ಎನ್ನುವುದೇ ನನಗೆ ಗೊತ್ತಿರಲಿಲ್ಲ. ನಾನು ಹೆಣಿಗೆ ಕಲಿತದ್ದು ಏಳನೇ ಕ್ಲಾಸಿನಲ್ಲಿ, ಶುಕ್ರವಾರದ ಕಡೆಯ ಪೀರಿಯಡ್‌ನಲ್ಲಿ, ಸೈಕಲ್ಲಿನ ಸ್ಪೋಕ್ ಕಡ್ಡಿಯಿಂದ. ಪುಸ್ತಕಗಳು 'ಕ್ಯಾಸ್ಟ್ ಆನ್' ಎನ್ನುವುದು ನಮಗೆ ಕುಣಿಕೆ ಹಾಕುವುದು. ಕ್ರಾಫ್ಟ್ ಟೀಚರು ಕಲಿಸಿದ್ದು ಒಂದೇ ವಿಧಾನ: ಎಡಗಡ್ಡಿಯ ಕೊನೆಯ ಎರಡು ಕುಣಿಕೆಗಳ ನಡುವೆ ಬಲಗಡ್ಡಿ ತೂರಿಸಿ, ದಾರ ಎಳೆದು, ಹೊಸ ಕುಣಿಕೆಯನ್ನು ಮತ್ತೆ ಎಡಗಡ್ಡಿಗೇ ಏರಿಸುವುದು. ಅಂಚು ಹುರಿ ಹಗ್ಗದ ಹಾಗೆ ಗಟ್ಟಿಯಾಗಿ, ನೋಡಲು ಲಕ್ಷಣವಾಗಿ ಬರುತ್ತದೆ. 'ಅಂಚು ಸಡಿಲ ಬಿಟ್ಟವಳ ಸಂಸಾರನೂ ಸಡಿಲ' ಎಂದು ಟೀಚರು ಕಡ್ಡಿಯಿಂದ ಬೆರಳಿನ ಗಂಟಿಗೆ ಕುಟ್ಟುತ್ತಿದ್ದರು. ಅವತ್ತಿನಿಂದ ಕೂಸುಗಳ ಟೊಪ್ಪಿಗೆ, ಗಂಡನ ಮಫ್ಲರಿಗೆ, ಎಲ್ಲಕ್ಕೂ ಅದೇ ಅಂಚು. ಮಗಳು ಚಿಕ್ಕವಳಿದ್ದಾಗ ಟೊಪ್ಪಿಗೆ ತೆಗೆದರೆ ಹಣೆಯ ಮೇಲೆ ಕೆಂಪು ಗೆರೆ ಮೂಡಿರುತ್ತಿತ್ತು. ದಾರ ಒರಟು ಅಂದುಕೊಂಡಿದ್ದೆ.

ಸಂಕ್ರಾಂತಿಗೆ ಊರಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ, ಅದೇ ಸ್ವೆಟರಿನಲ್ಲಿ. ಎಡತೋಳಿನಲ್ಲಿ ಮುಂಗೈಯಿಂದ ಮೇಲಕ್ಕೆ ನಾಲ್ಕು ಬೆರಳುದ್ದ ಸೀಳು. ಅದರ ಎರಡೂ ಬದಿಗೆ ಕೌದಿಗೆ ಹಾಕುವ ದಪ್ಪ ಬಿಳಿ ದಾರದಿಂದ ಅವ್ವ ಒತ್ತೊತ್ತಾಗಿ ಸುತ್ತುಹೊಲಿಗೆ ಹಾಕಿದ್ದಳು. ನೀಲಿ ಸ್ವೆಟರಿಗೆ ಬಿಳಿ ದಾರ. ಹೊಲಿಗೆ ಮಾತ್ರ ಅಲುಗುವಂತಿರಲಿಲ್ಲ. ಹೆಣಿಗೆ ಸುಲಭವಾಗಿ ಬಿಚ್ಚುವುದು ಕೊನೆಗೆ ಮುಚ್ಚಿದ ತುದಿಯಿಂದ. ಅಲ್ಲಿ ಒಂದು ಎಳೆ ಸಿಕ್ಕರೆ ಸರಸರನೆ ಬಿಚ್ಚುತ್ತದೆ. ಶುರು ಮಾಡಿದ ತುದಿಯಿಂದ ರಿಬ್ಬು ಹಾಗೆ ಬಿಚ್ಚುವುದಿಲ್ಲ, ತೊಡರುತ್ತದೆ. ಇನ್ನು ಸೀಳಿನ ಎರಡು ಬದಿ ತುಂಡುತುಂಡಾಗಿ ಉದುರಬೇಕಿತ್ತು, ಅದನ್ನು ಅವ್ವನ ಸೂಜಿ ಹಿಡಿದಿತ್ತು. ಹೆಣಿಗೆಯ ಒಂದಕ್ಷರ ಗೊತ್ತಿಲ್ಲದವಳು. 'ಅದ್ಯಾಕವ್ವಾ ಅಷ್ಟು ಬಿಗಿ ಹಾಕೀದಿ? ಬಳಿ ತೊಡಿಸಿದಂಗ ಆತು' ಅಂದಳು. ಬೈಗುಳವಲ್ಲ, ಕೇಳಿದ್ದು ಅಷ್ಟೆ.

ಆ ಸೀಳಿನೊಳಗಿಂದ ಗಾಳಿ ಹೋಗುತ್ತಿತ್ತು. ಇನ್ನೊಂದು ಹೆಣೆಯುವುದೆಂದು ಅಲ್ಲೇ ತೀರ್ಮಾನವಾಯಿತು.

ಈ ಸಲ ಮೊದಲು ಅಳತೆ. ಒಂದು ದಾರ ತಗೊಂಡು ಅಪ್ಪನ ಮುಂಗೈ ಸುತ್ತಿದೆ: 7 ಇಂಚು. ಮುಚ್ಚಿದ ಮುಷ್ಟಿ ಸುತ್ತಿದೆ: 11 ಇಂಚು. ಅಂದರೆ 7 ಇಂಚಿನ ಜಾಗದಲ್ಲಿ ಬೆಚ್ಚಗೆ ಕೂರಬೇಕಾದ ಅಂಚು 11 ಇಂಚಿಗೆ ಹಿಗ್ಗಬೇಕು, ಹಿಗ್ಗಿ ವಾಪಸ್ ಬರಬೇಕು, ದಿನಕ್ಕೆರಡು ಸಲ. ರಿಬ್ಬು, ಅಂದರೆ ಎರಡು ಸೀದಾ ಎರಡು ಉಲ್ಟಾ, ತಾನಾಗಿ ಅಷ್ಟು ಹಿಗ್ಗುತ್ತದೆ. ಅದನ್ನು ಹಿಗ್ಗಗೊಡದೆ ಕಟ್ಟಿಹಾಕುವುದು ಕೆಳಗಿನ ಮೊದಲ ಸಾಲು. ಹಿಂದೆ ಒಮ್ಮೆ ಅಂಚು ಬಿಗಿಯಾಗುತ್ತದೆಂದು ನಾನು ದಪ್ಪ ಕಡ್ಡಿಯಲ್ಲಿ ಕುಣಿಕೆ ಹಾಕಿ ನೋಡಿದ್ದೆ, ಪ್ರಯೋಜನ ಆಗಿರಲಿಲ್ಲ. ಕಾರಣ ಈಗ ತಿಳಿಯಿತು. ದಪ್ಪ ಕಡ್ಡಿಯಿಂದ ಕುಣಿಕೆ ಎತ್ತರವಾಗುತ್ತದೆ, ಅಷ್ಟೆ. ಅಂಚು ಹಿಗ್ಗುವುದು ಒಂದು ಕುಣಿಕೆಗೂ ಇನ್ನೊಂದಕ್ಕೂ ನಡುವೆ ಎಷ್ಟು ದಾರ ಬಿಟ್ಟಿದ್ದೇವೆ ಎನ್ನುವುದರ ಮೇಲೆ. ತೋರುಬೆರಳ ತುದಿಯನ್ನು ಕಡ್ಡಿಯ ಮೇಲಿಟ್ಟು, ಅಷ್ಟು ಜಾಗ ಬಿಟ್ಟು ಮುಂದಿನ ಕುಣಿಕೆ ಹಾಕಬೇಕು.

ನಾಲ್ಕು ಬಗೆಯಲ್ಲಿ ನಾಲ್ಕು ಸಣ್ಣ ಪಟ್ಟಿ ಹೆಣೆದೆ, 10 ನಂಬರ್ ಕಡ್ಡಿಯಲ್ಲಿ, ಒಂದೊಂದರಲ್ಲಿ 40 ಕುಣಿಕೆ. ಪರೀಕ್ಷೆಗೆ ಅಪ್ಪನ ಕೈಯನ್ನು ಮತ್ತೆ ಮತ್ತೆ ನೋಯಿಸಲಾಗದು. ಅಡುಗೆಮನೆಯಿಂದ ಸುಲಿದ ತೆಂಗಿನಕಾಯೊಂದು ತಂದೆ. ಸುತ್ತಳತೆ ಹೆಚ್ಚೂಕಡಿಮೆ ಅದೇ 11.

ಮೊದಲನೆಯದು ಹೆಬ್ಬೆರಳಿಂದ ದಾರ ತಿರುಚಿ ಕಡ್ಡಿಗೆ ಸಿಕ್ಕಿಸುವ ಸುಲಭದ ಕುಣಿಕೆ. ಮೊದಲ ಸಾಲು ಹೆಣೆಯುವಾಗಲೇ ದಾರ ಉದ್ದುದ್ದ ಬೆಳೆಯುತ್ತಾ ಹೋಗಿ, ಅಂಚು ಹಲ್ಲು ಬಿದ್ದ ಬಾಯಿಯ ಹಾಗಾಯಿತು. ಎರಡನೆಯದು ಉದ್ದ ಬಾಲದ ಕುಣಿಕೆ: ಒಂದೇ ದಾರದ ಎರಡು ಕಡೆ, ಒಂದು ಹೆಬ್ಬೆರಳ ಮೇಲೆ, ಒಂದು ತೋರುಬೆರಳ ಮೇಲೆ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ, ಕಂಬಳಿಗಾದರೆ ಹಾಸು ಹೊಕ್ಕು ಎರಡು ಬೇಕು. ಈ ಅಂಚಿನಲ್ಲಿ ಮಾತ್ರ ಹೆಣಿಗೆಗೂ ಎರಡು ದಾರ ಬಂದುಬಿಡುತ್ತವೆ. ಇದು ತೆಂಗಿನಕಾಯಿ ದಾಟಿತು, ಆದರೆ ತಿಣುಕಿ. ಮೂರನೆಯದೂ ಅದೇ, ಹೆಬ್ಬೆರಳ ಕುಣಿಕೆಗೆ ಇನ್ನೊಂದು ತಿರುವು ಹೆಚ್ಚು. ಪುಸ್ತಕಗಳು ಇದನ್ನು ಜರ್ಮನ್ ಎನ್ನುತ್ತವೆ, ಕೆಲವು ನಾರ್ವೆಯದು ಎನ್ನುತ್ತವೆ. ಆ ಒಂದು ತಿರುವಿನಲ್ಲಿ ಅಡಗಿರುವ ದಾರ ಎಳೆದಾಗ ಹೊರಬರುತ್ತದೆ, ಬಿಟ್ಟರೆ ಒಳಸೇರುತ್ತದೆ. ನಾಲ್ಕನೆಯದು ಕೊಳವೆ ಅಂಚು. ಅಂಚೇ ಇಲ್ಲವೇನೋ ಎಂಬಂತೆ ರಿಬ್ಬು ಸುಮ್ಮನೆ ಹೊರಳಿ ಹಿಂದಕ್ಕೆ ಹೋದ ಹಾಗೆ ಕಾಣುತ್ತದೆ. ನೋಡಿದವರು ಅಂಗಡಿಯದು ಅಂದುಕೊಳ್ಳಬೇಕು, ಅಷ್ಟು ಚೆಂದ. ನನ್ನ ಆಸೆಯೆಲ್ಲ ಅದರ ಮೇಲಿತ್ತು.

ಮೂರು, ನಾಲ್ಕನ್ನು ತೆಂಗಿನಕಾಯಿಗೆ ಇಪ್ಪತ್ತು ಇಪ್ಪತ್ತು ಸಲ ತೊಡಿಸಿ ಬಿಚ್ಚಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. 'ಕಾಯಿಗೂ ಚಳಿಯೇನು?' ಅಂದಳು. ಕೊಳವೆ ಅಂಚು ಎಲ್ಲಕ್ಕಿಂತ ಸಲೀಸಾಗಿ ದಾಟಿತು, ಇಪ್ಪತ್ತನೇ ಸಲಕ್ಕೆ ಉಮ್ಮತ್ತಿ ಹೂವಿನ ಹಾಗೆ ಬಾಯಿ ಬಿಟ್ಟುಕೊಂಡು ಹಾಗೇ ಉಳಿಯಿತು. ತಪ್ಪು ಅದರದಲ್ಲ, ದಾರದ್ದು. ಉಣ್ಣೆಯಾಗಿದ್ದರೆ ಹಿಂದಿರುಗುತ್ತಿತ್ತೇನೋ. ಅಪ್ಪನ ಚರ್ಮಕ್ಕೆ ಚುಚ್ಚದಿರಲಿ, ಅವ್ವನಿಗೆ ಒಗೆಯಲು ಸುಲಭವಿರಲಿ ಎಂದು ನಾನು ತಂದದ್ದು ಅಕ್ರಿಲಿಕ್. ಅದು ಹಿಗ್ಗುತ್ತದೆ, ಉಣ್ಣೆಯಷ್ಟು ಚುರುಕಾಗಿ ಕುಗ್ಗುವುದಿಲ್ಲ. ಮೂರನೆಯದು ಕಾಯಿ ದಾಟುವಾಗ ತುಸು ತಡೆಯಿತು, ಆಮೇಲೆ ತನ್ನ ಅಳತೆಗೆ ಬಂದು ಕೂತಿತು.

ತಿರುವಿನ ಕುಣಿಕೆಯೇ ಎಂದಾಯಿತು. ಒಂದು ಗಳಿಗೆ ಇನ್ನೊಂದು ಯೋಚನೆಯೂ ಬಂದಿತ್ತು. ಇಂಗ್ಲೆಂಡಿನ ಕರಾವಳಿಯ ಮೀನುಗಾರರಿಗೆ ಮನೆಯವರು ಹೆಣೆಯುತ್ತಿದ್ದ ಗ್ಯಾನ್ಸಿ ಎಂಬ ಸ್ವೆಟರುಗಳಲ್ಲಿ ತೋಳನ್ನು ಭುಜದಿಂದ ಶುರು ಮಾಡಿ ಕೆಳಕ್ಕೆ ಹೆಣೆಯುತ್ತಿದ್ದರು. ಬಲೆ, ಹಗ್ಗ, ಉಪ್ಪುನೀರಿಗೆ ಮೊದಲು ಸವೆಯುವುದು ಮುಂಗೈ. ಕೆಳಗಿನಿಂದ ಬಿಚ್ಚಿ ಅಷ್ಟನ್ನೇ ಹೊಸದಾಗಿ ಹೆಣೆದರೆ ಸ್ವೆಟರು ಮತ್ತೆ ಗಟ್ಟಿ. ಜಾಣತನ ಅದು. ಆದರೆ ಆಗ ಮುಂಗೈ ಅಂಚು ಮುಚ್ಚುವ ಅಂಚಾಗುತ್ತದೆ, ನನ್ನ ಕೈಯಲ್ಲಿ ಮುಚ್ಚುವ ಅಂಚು ಇನ್ನೂ ಬಿಗಿ. ಅಪ್ಪನ ಆ ಕೈ ಬಲೆ ಎಳೆಯುವುದೂ ಇಲ್ಲ, ಸವೆಯುವುದೂ ಇಲ್ಲ.

ರಾತ್ರಿ ಊಟವಾದ ಮೇಲೆ ಕೂತೆ. 36 ಕುಣಿಕೆಗೆ ಬಾಲದ ದಾರ ಮುಗಿಯಿತು, ಇನ್ನು ನಾಲ್ಕು ಬೇಕು. ಉದ್ದ ಬಾಲದವರ ಪಾಡೇ ಇದು, ಮುಂದೆ ಎಷ್ಟು ಬೇಕಾಗುತ್ತದೆಂದು ಮೊದಲೇ ಅಂದಾಜಿಸಿ ಬಿಟ್ಟಿರಬೇಕು. ಎಲ್ಲ ಬಿಚ್ಚಿದೆ. ಕಡ್ಡಿಗೆ ಹತ್ತು ಸುತ್ತು ದಾರ ಸುತ್ತಿ, ಆ ಅಳತೆಯ ನಾಲ್ಕರಷ್ಟು, ಹೆಚ್ಚಿನ ತಿರುವಿಗೆಂದು ಅದರ ಅರ್ಧದಷ್ಟು, ಮೇಲೊಂದು ಗೇಣು ಬಿಟ್ಟು ಮತ್ತೆ ಹಾಕಿದೆ. ಬೆರಳ ತುದಿಯಷ್ಟು ಜಾಗ ಬಿಡುತ್ತಾ ಹೋದಂತೆ ಟೀಚರ ಕಡ್ಡಿ ಗಂಟಿಗೆ ಬಿದ್ದ ಹಾಗೆ ಅನ್ನಿಸುತ್ತಿತ್ತು. ಇಷ್ಟು ವರ್ಷವಾದರೂ ಸಡಿಲ ಬಿಡಲು ಕೈಗೆ ನಾಚಿಕೆ. 40 ಮುಗಿದಾಗ ಅಂಚು ಅಳ್ಳಕವಾಗಿ, ಹೆಣಿಗೆ ಬಾರದವರು ಹಾಕಿದಂತೆ ಕಂಡಿತು. ಆರು ಸಾಲು ಆದ ಮೇಲೆ ಸರಿಹೋಯಿತು.

ಶಿವರಾತ್ರಿಗೆ ಮೊದಲು ಮುಗಿಸಿದೆ. ಚಳಿ ಹೊರಟು ನಿಂತಿತ್ತು, ಇರಲಿ. ತೊಡಿಸುವ ಕ್ರಮ ಅವ್ವನಿಗೆ ಈಗ ಪಾಠವಾಗಿದೆ. ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಸೋತ ಕೈ ಕೊನೆಗೆ. ತೋಳಿನ ಹೊರತುದಿಯಿಂದ ತನ್ನ ಕೈ ಒಳಗೆ ತೂರಿಸಿ, ಅಪ್ಪನ ಮುಷ್ಟಿಯನ್ನು ಕೂಸಿನ ಕೈ ಹಿಡಿದ ಹಾಗೆ ಹಿಡಿದು, ಮೆಲ್ಲಗೆ ಎಳೆದಳು. ಅವಳ ಕೈ, ಅದರೊಳಗೆ ಅವನ ಕೈ, ಎರಡೂ ಒಟ್ಟಿಗೆ ಅಂಚು ದಾಟಿದವು. ಎರಡು ಕೈಯ ಅಳತೆ ನಾನು ಲೆಕ್ಕ ಹಾಕಿರಲೇ ಇಲ್ಲ.

ಅಪ್ಪ ಚೀರಲಿಲ್ಲ. ಬಲಗೈ ಚಾಚಿ, ಎಡಗೈಯ ಅಂಚನ್ನು ಹೆಬ್ಬೆರಳಿನಿಂದ ಜಗ್ಗಿ ಬಿಟ್ಟ. ಮತ್ತೆ ಜಗ್ಗಿದ, ಬಿಟ್ಟ. ಮಾತು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ, ಎರಡು ಸಲ ಹೇಳಿದ ಮೇಲೆ ನನಗೆ ತಿಳಿಯಿತು.

'ಎಷ್ಟಕ್ಕ ಕೊಟ್ರು?'

'ಐನೂರು' ಅಂದೆ, ದಾರದ ಲೆಕ್ಕ ಹಿಡಿದು.

'ಜಾಸ್ತಿ ಆತು' ಅಂದು ಮತ್ತೊಮ್ಮೆ ತುದಿ ಜಗ್ಗಿ ನೋಡಿದ.