ಪ್ರಮಾಣ ಮಾಡದವರ ಊರು

ಗ್ರಾಂ-ಪ್ರೇ ಊರಿನ ಗಂಡಸರೆಲ್ಲ ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಇಗರ್ಜಿಗೆ ಬರಬೇಕೆಂದು ಅಪ್ಪಣೆಯಾಗಿತ್ತು. ಹತ್ತು ವರ್ಷ ತುಂಬಿದ ಹುಡುಗರೂ ಬರಬೇಕು. ತಪ್ಪಿಸಿಕೊಂಡವರ ಸೊತ್ತು ಮುಟ್ಟುಗೋಲು. 1755ರ ಸೆಪ್ಟೆಂಬರ್ 5. ಸುಗ್ಗಿಯ ಕಾಲ. 418 ಮಂದಿ ಒಳಗೆ ಹೋದರು, ಹಿಂದಿನಿಂದ ಬಾಗಿಲು ಮುಚ್ಚಿತು.

ಅಕೇಡಿಯನ್ನರ ಮನೆಗಳಲ್ಲಿ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದ ಕಥೆ ಇದು. ಈಗಿನ ಕೆನಡಾದ ನೋವಾ ಸ್ಕೋಷಿಯಾದಲ್ಲಿ, ಫಂಡಿ ಕೊಲ್ಲಿಯ ದಂಡೆಯಲ್ಲಿ ನಡೆದದ್ದು. ಆ ಕೊಲ್ಲಿಯ ಭರತ ಇಳಿತ ಜಗತ್ತಿನಲ್ಲೇ ದೊಡ್ಡದು. 17ನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಬಂದ ಈ ರೈತರು ಕಾಡು ಕಡಿಯುವುದಕ್ಕಿಂತ ಸಮುದ್ರದಿಂದ ನೆಲ ಬಿಡಿಸಿಕೊಳ್ಳುವುದನ್ನೇ ಹೆಚ್ಚು ನೆಚ್ಚಿದರು. ಉಪ್ಪು ಜವುಗಿಗೆ ಮಣ್ಣಿನ ಕಟ್ಟೆ ಹಾಕಿ, ಅದರಡಿಯಲ್ಲಿ ಮರದ ತೂಬು ಇಡುತ್ತಿದ್ದರು. ತೂಬಿನೊಳಗೆ ತೂಗುವ ಒಂದು ಹಲಗೆ. ಇಳಿತದಲ್ಲಿ ಗದ್ದೆಯ ನೀರು ಅದನ್ನು ತಳ್ಳಿಕೊಂಡು ಹೊರಗೆ ಹರಿಯುತ್ತದೆ; ಭರತ ಏರಿದರೆ ಸಮುದ್ರವೇ ಅದನ್ನು ಒತ್ತಿ ಮುಚ್ಚುತ್ತದೆ. ಮಳೆನೀರು ಉಪ್ಪು ತೊಳೆಯಲು ಕೆಲವು ವರ್ಷ ಕಾದರೆ ಚಿನ್ನದಂಥ ಗೋಧಿಯ ಭೂಮಿ. ಅಘನಾಶಿನಿ ದಂಡೆಯ ಗಜನಿ ಗದ್ದೆ ಕಂಡವರಿಗೆ ಇದರ ಹಿಂದಿನ ದುಡಿಮೆ ಎಂಥದೆಂದು ಹೇಳಬೇಕಿಲ್ಲ.

1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಈ ನೆಲ ಬ್ರಿಟಿಷರ ಪಾಲಾಯಿತು. ಅಧಿಕಾರ ಬ್ರಿಟಿಷರದು, ಜನ ಫ್ರೆಂಚರು, ಅದೂ ಕ್ಯಾಥೊಲಿಕರು. ಪಕ್ಕದ ದ್ವೀಪದಲ್ಲಿ ಫ್ರೆಂಚರ ಲೂಯಿಬರ್ಗ್ ಕೋಟೆ. ಕಾಡಿನ ಮೂಲನಿವಾಸಿ ಮಿಕ್ಮಾಕರು ಫ್ರೆಂಚರ ಸ್ನೇಹಿತರು. ಭಯ ಹುಟ್ಟಿದ್ದು ಅಲ್ಲಿಂದ. ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಎಂದರೆ, ಮಾಡುತ್ತೇವೆ, ಆದರೆ ಯಾರ ಮೇಲೂ ಕೋವಿ ಎತ್ತುವುದಿಲ್ಲ ಎಂದರು ರೈತರು. 1730ರಲ್ಲಿ ಗವರ್ನರ್ ಫಿಲಿಪ್ಸ್ ಅದಕ್ಕೆ ಬಾಯಿಮಾತಿನಲ್ಲಿ ಒಪ್ಪಿದ. ಲಂಡನ್ನಿಗೆ ಹೋದ ಕಾಗದದಲ್ಲಿ ಆ ಷರತ್ತು ಇರಲಿಲ್ಲ. ಮುಂದಿನ ಅನಾಹುತದ ಬೀಜ ಆ ಬಾಯಿಮಾತಿನಲ್ಲೇ ಇತ್ತು ಎಂದು ನನಗನ್ನಿಸುತ್ತದೆ.

1747ರ ಚಳಿಗಾಲದ ಒಂದು ರಾತ್ರಿ, ಹಿಮ ಸುರಿಯುತ್ತಿರುವಾಗ ಫ್ರೆಂಚ್ ಪಡೆ ಇದೇ ಗ್ರಾಂ-ಪ್ರೇಗೆ ನುಗ್ಗಿ ಮನೆಗಳಲ್ಲಿ ಮಲಗಿದ್ದ ಬ್ರಿಟಿಷ್ ಸೈನಿಕರನ್ನು ಕೊಂದಿತು. ದಾಳಿಗೆ ಮೊದಲೇ ಊರವರಲ್ಲಿ ಕೆಲವರು ಸೈನಿಕರನ್ನು ಎಚ್ಚರಿಸಿದ್ದರು. ಎಚ್ಚರಿಸಿದವರ ಮಾತು ಆಮೇಲೆ ಯಾರಿಗೂ ನೆನಪಿಗೆ ಬರಲಿಲ್ಲ. 1755ರ ಜೂನ್‌ನಲ್ಲಿ ಫ್ರೆಂಚರ ಬೊಸೆಜೂರ್ ಕೋಟೆ ಬ್ರಿಟಿಷರ ಕೈಸೇರಿದಾಗ ಒಳಗೆ ಆಯುಧ ಹಿಡಿದ ಅಕೇಡಿಯನ್ನರು ಸಿಕ್ಕರು. ಕೊಲ್ಲುತ್ತೇವೆಂದು ಹೆದರಿಸಿ ಫ್ರೆಂಚರು ಇವರನ್ನು ಎಳೆತಂದಿದ್ದರೆಂದು ಶರಣಾಗತಿಯ ಕರಾರಿನಲ್ಲೇ ಬರೆದು ಕ್ಷಮಿಸಲಾಗಿತ್ತು. ಅದೂ ಲೆಕ್ಕಕ್ಕೆ ಬರಲಿಲ್ಲ.

ಆ ಜುಲೈನಲ್ಲಿ ಊರುಗಳ ಪ್ರತಿನಿಧಿಗಳನ್ನು ಹ್ಯಾಲಿಫ್ಯಾಕ್ಸಿಗೆ ಕರೆಸಿ ಷರತ್ತಿಲ್ಲದ ಪ್ರಮಾಣ ಕೇಳಿದರು. ಮೊದಲು ಒಲ್ಲೆವೆಂದವರು, ಗತಿ ಏನೆಂದು ತಿಳಿದ ಮೇಲೆ ಮಾಡುತ್ತೇವೆ ಎಂದರು. ಹೆದರಿ ಮಾಡುವ ಪ್ರಮಾಣವನ್ನು ನಂಬುವುದು ಹೇಗೆ ಎಂದು ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಲಾರೆನ್ಸನ ಮಂಡಳಿ ಅವರನ್ನು ಸೆರೆಗೆ ಹಾಕಿತು. ಒಲ್ಲೆ ಎಂದರೆ ದ್ರೋಹಿ, ಒಪ್ಪಿದರೆ ವಂಚಕ! ಅಷ್ಟರಲ್ಲಿ ಒಹಾಯೊ ಕಡೆ ಬ್ರಿಟಿಷ್ ಜನರಲ್ ಬ್ರಾಡಕ್‌ನ ಸೈನ್ಯ ಫ್ರೆಂಚರ ಕೈಯಲ್ಲಿ ನುಚ್ಚುನೂರಾದ ಸುದ್ದಿ ಬಂತು. ಜುಲೈ 28ರಂದು ಮಂಡಳಿ ಎಲ್ಲರನ್ನೂ ಹೊರಹಾಕಲು ತೀರ್ಮಾನಿಸಿತು. ಕ್ವಿಬೆಕ್‌ಗೋ ಲೂಯಿಬರ್ಗ್‌ಗೋ ಕಳಿಸಿದರೆ ಶತ್ರುವಿಗೆ ಬಲ. ಮತ್ತೆ ಒಂದುಗೂಡದಂತೆ ಬೇರೆ ಬೇರೆ ವಸಾಹತುಗಳಿಗೆ ಚೆದುರಿಸಬೇಕು.

ಗ್ರಾಂ-ಪ್ರೇಯ ಇಗರ್ಜಿಯಲ್ಲಿ ಈ ಆಜ್ಞೆ ಓದಿಸಿದವನು ಕರ್ನಲ್ ಜಾನ್ ವಿನ್‌ಸ್ಲೋ. ಜಮೀನು, ಮನೆ, ದನಕರು ರಾಜನಿಗೆ. ಹಣ ಮತ್ತು ಹೊರಬಲ್ಲಷ್ಟು ಸಾಮಾನು ನಿಮಗೆ. ಈ ಕೆಲಸ ತನ್ನ ಸ್ವಭಾವಕ್ಕೆ ಒಗ್ಗದು ಎಂದು ಅವನೇ ಹೇಳಿದ. ಆದರೂ ಮಾಡಿದ. ಅವನ ಬಳಿ ಸೈನಿಕರಿದ್ದದ್ದು ಸುಮಾರು 300, ಸೆರೆಯಾಳುಗಳೇ ಹೆಚ್ಚು. ಸೆಪ್ಟೆಂಬರ್ 10ರ ಬೆಳಿಗ್ಗೆ ಅವರಲ್ಲಿ ಏನೋ ಗುಸುಗುಸು ಕಂಡು ಅವನಿಗೂ ಭಯವಾಯಿತು. ತರುಣರನ್ನು ಮೊದಲು ಹಡಗಿಗೆ ಹತ್ತಿಸಲು ಹೇಳಿದ. ಅಪ್ಪಂದಿರನ್ನು ಬಿಟ್ಟು ಹೋಗೆವು ಎಂದು ಅವರು ನಿಂತರು. ಬಂದೂಕಿಗೆ ಬಯೊನೆಟ್ ಸಿಕ್ಕಿಸಿದ ಸೈನಿಕರು ಮುಂದೆ ಬಂದರು. ವಿನ್‌ಸ್ಲೋ ತಾನೇ ಒಬ್ಬನ ಕೈ ಹಿಡಿದು ನಡೆ ಎಂದ. ಹುಡುಗರು ಪ್ರಾರ್ಥಿಸುತ್ತ, ಹಾಡುತ್ತ, ಅಳುತ್ತ ನಡೆದರು. ದಾರಿಯುದ್ದಕ್ಕೂ ಹೆಂಗಸರು ಮಕ್ಕಳು ಮೊಣಕಾಲೂರಿ ಗೋಳಿಡುತ್ತಿದ್ದರು. ಇದನ್ನೆಲ್ಲ ಬರೆದಿಟ್ಟವನೂ ವಿನ್‌ಸ್ಲೋನೇ, ತನ್ನ ದಿನಚರಿಯಲ್ಲಿ.

1763ರ ಹೊತ್ತಿಗೆ 10,000ಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡಿದ್ದರು. ಸಾವಿರಾರು ಮಂದಿ ರೋಗಕ್ಕೆ, ಸಮುದ್ರಕ್ಕೆ ಬಲಿಯಾದರು. ವರ್ಜೀನಿಯಾ ತನ್ನ ಪಾಲಿಗೆ ಬಂದವರನ್ನು ಒಲ್ಲದೆ ಇಂಗ್ಲೆಂಡಿಗೆ ಸಾಗಹಾಕಿತು. ಕೆಲವರು ಕೊನೆಗೆ ಲೂಯಿಸಿಯಾನಾ ಸೇರಿದರು. ಇಂದಿನ ಕೇಜನ್ನರು ಅವರ ಸಂತತಿ. ಇತ್ತ 1759ರ ಬಿರುಗಾಳಿಗೆ ಕಟ್ಟೆಗಳು ಒಡೆದವು. ನ್ಯೂ ಇಂಗ್ಲೆಂಡಿನಿಂದ ಬಂದ ಹೊಸ ಒಕ್ಕಲಿಗೆ ಅವುಗಳ ದುರಸ್ತಿ ಗೊತ್ತಿರಲಿಲ್ಲ. ಆ ಕೆಲಸಕ್ಕೆ ಅಕೇಡಿಯನ್ ಸೆರೆಯಾಳುಗಳನ್ನೇ ಕರೆತಂದರು. ತಮ್ಮದಾಗಿದ್ದ ನೆಲದ ಕಟ್ಟೆಯನ್ನು ಅವರು ಪರರಿಗಾಗಿ ಕಟ್ಟಿದರು.

2003ರ ಡಿಸೆಂಬರ್‌ನಲ್ಲಿ ಕೆನಡಾದ ಗವರ್ನರ್ ಜನರಲ್ ಏಡ್ರಿಯನ್ ಕ್ಲಾರ್ಕ್‌ಸನ್ ರಾಣಿಯ ಹೆಸರಿನಲ್ಲಿ ಈ ಅನ್ಯಾಯವನ್ನು ಒಪ್ಪಿಕೊಳ್ಳುವ ಘೋಷಣೆಗೆ ಸಹಿ ಹಾಕಿದರು. ಕಾನೂನಿನ, ಹಣದ ಹೊಣೆ ಇಲ್ಲವೆಂದೂ ಅದರಲ್ಲೇ ಬರೆದಿದೆ. ಅದರಂತೆ 2005ರಿಂದ ಪ್ರತಿ ವರ್ಷ ಸ್ಮರಣೆಯ ದಿನ ಜುಲೈ 28. ಹ್ಯಾಲಿಫ್ಯಾಕ್ಸಿನಲ್ಲಿ ಮಂಡಳಿ ಕೂತು ತೀರ್ಮಾನ ಮಾಡಿದ ಆ ದಿನವನ್ನೇ ಆರಿಸಿದ್ದು ಸರಿ.