ನಮ್ಮಪ್ಪನ ವಯಸ್ಸು, ನಮ್ಮೂರ ಕಲ್ಲಿನ ವಯಸ್ಸು

ನಮ್ಮಪ್ಪನಿಗೆ ಎಷ್ಟು ವಯಸ್ಸು ಅಂತ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ 01-01-1966 ಅಂತಿದೆ. ಕಾರ್ಡು ಮಾಡಿಸಲು ಹೋದ ದಿನ ಹುಟ್ಟಿದ ತಾರೀಖು ಕೇಳಿದರಂತೆ. ಅಪ್ಪ "ಗೊತ್ತಿಲ್ಲ ಸಾ" ಅಂದನಂತೆ. ಅವರು ಮುಖ ನೋಡಿ ಒಂದು ವರ್ಷ ಬರೆದುಕೊಂಡರು. ನಮ್ಮ ಬೀದಿಯಲ್ಲಿ ಅಪ್ಪನ ವಾರಿಗೆಯವರು ಬಹಳಷ್ಟು ಜನ ಹೀಗೇ ಜನವರಿ ಒಂದರಂದು ಹುಟ್ಟಿದವರು!

ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಲು ಅಪ್ಪನನ್ನು ಕರೆದುಕೊಂಡು ಹೋದಾಗ "65 ತುಂಬಿಲ್ಲ" ಅಂತ ಕಾಗದ ವಾಪಸ್ ಕೊಟ್ಟರು. ಅಪ್ಪ ವಾದ ಮಾಡಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಗೊರೂರು ಡ್ಯಾಮಿಗೆ ಕಲ್ಲು ಹೊಡೆಯೋಕೆ ಹೋಗ್ವಾಗ್ಲೇ ನಂಗೆ ಮೀಸೆ ಬಂದಿತ್ತು ಕಣವ್ವ" ಅಂದ. ಹೇಮಾವತಿ ಅಣೆಕಟ್ಟಿನ ಕೆಲಸ ಮುಗಿದದ್ದು 1979ರಲ್ಲಿ. ಆಧಾರ್ ನಂಬಿದರೆ ಆಗ ಅಪ್ಪನಿಗೆ ಬರೀ 13 ವರ್ಷ.

ಇದೇ ಚಿಂತೆಯಲ್ಲಿದ್ದಾಗ ಒಂದು ದಿನ ನಮ್ಮೂರ ಬಂಡೆಯ ಹತ್ತಿರ ಭೂವಿಜ್ಞಾನ ಓದುವ ಹುಡುಗರ ಗುಂಪು ಬಂದಿತ್ತು. ಜೊತೆಯಲ್ಲಿದ್ದ ಮೇಷ್ಟ್ರು ಸುತ್ತಿಗೆಯಲ್ಲಿ ನಾಲ್ಕೈದು ಪೆಟ್ಟು ಕೊಟ್ಟರೂ ಕಲ್ಲು ಬಿಡಲಿಲ್ಲ. ನೋಡುತ್ತಾ ನಿಂತಿದ್ದ ಅಪ್ಪ ಸುತ್ತಿಗೆ ಇಸಕೊಂಡು, ಕಲ್ಲಿನ ಎಳೆ ಎತ್ತ ಹೋಗಿದೆ ಅಂತ ಕೈಯಾಡಿಸಿ ನೋಡಿ, ಒಂದೇ ಪೆಟ್ಟಿಗೆ ತೆಂಗಿನಕಾಯಿ ಗಾತ್ರದ ಚೂರು ಎಬ್ಬಿಸಿಕೊಟ್ಟ. ಮೇಷ್ಟ್ರು ಖುಷಿಯಾಗಿ, "ಯಜಮಾನ್ರೇ, ಈ ಕಡೆಯ ಕಲ್ಲು 300 ಕೋಟಿ ವರ್ಷಕ್ಕಿಂತ ಹಳೇದು" ಅಂದರು.

"ಅದು ಹೆಂಗ್ ಸಾ ಗೊತ್ತಾಗ್ತದೆ?" ಅಂತ ಅಪ್ಪ ಕೇಳಿದ. ನಾನೂ ಫೋನಿನಲ್ಲಿ ರೆಕಾರ್ಡ್ ಒತ್ತಿ ಕೂತೆ.

ನಮ್ಮೂರ ಕಲ್ಲಿನಲ್ಲಿ ಕಪ್ಪು ಬಿಳುಪು ಪಟ್ಟೆಗಳಿವೆ. ಇದಕ್ಕೆ ನೈಸ್ ಅಂತ ಹೆಸರು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಜಾತಿ. ಹಸಿ ಇಟ್ಟಿಗೆಯನ್ನು ಗೂಡಿನಲ್ಲಿ ಸುಟ್ಟರೆ ಮಣ್ಣು ಕರಗದೆಯೇ ಬೇರೆ ಗುಣ ಪಡೆಯುತ್ತದಲ್ಲ, ಹಾಗೆ ಭೂಮಿಯ ಆಳದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಿಸಿದ ಕಲ್ಲು ಇದು. ರೂಪಾಂತರ ಶಿಲೆ ಅಂತ ಶಾಲೆಯಲ್ಲಿ ಓದಿದ್ದೇವೆ.

ಇಂಥ ಕಲ್ಲಿನೊಳಗೆ ಜಿರ್ಕಾನ್ ಅನ್ನುವ ಖನಿಜದ ಹರಳುಗಳಿರುತ್ತವೆ. ಎಷ್ಟು ಸಣ್ಣವೆಂದರೆ ಚಿರೋಟಿ ರವೆಯ ಕಾಳು ಅದರ ಮುಂದೆ ದೊಡ್ಡದು. ಹರಳು ಕಟ್ಟುವಾಗ ಜಿರ್ಕಾನ್ ತನ್ನೊಳಗೆ ಸ್ವಲ್ಪ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಆಮೇಲೆ ಯುರೇನಿಯಂ ತಾನಾಗಿಯೇ, ಬಹಳ ನಿಧಾನವಾಗಿ, ಸೀಸವಾಗುತ್ತಾ ಹೋಗುತ್ತದೆ. ಹಾಗಾಗಿ ಹರಳಿನೊಳಗೆ ಸೀಸ ಸಿಕ್ಕಿತೆಂದರೆ ಹೆಚ್ಚುಕಡಿಮೆ ಅದೆಲ್ಲ ಅಲ್ಲೇ ಹುಟ್ಟಿದ್ದು.

ಯುರೇನಿಯಂ 238 ಅನ್ನುವ ಐಸೋಟೋಪಿನಲ್ಲಿ ಅರ್ಧ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. 330 ಕೋಟಿ ವರ್ಷ ಹಳೆಯ ಹರಳಿನಲ್ಲಿ ಮೊದಲಿದ್ದ ನೂರು ಯುರೇನಿಯಂ ಪರಮಾಣುಗಳಲ್ಲಿ 60 ಉಳಿದಿರುತ್ತವೆ, 40 ಸೀಸವಾಗಿರುತ್ತವೆ. ಯುರೇನಿಯಂ 235 ಇನ್ನೂ ಬೇಗ ಕರಗುತ್ತದೆ, ಅರ್ಧವಾಗಲು ಸುಮಾರು 70 ಕೋಟಿ ವರ್ಷ ಸಾಕು. ಅದರಲ್ಲಿ ನೂರಕ್ಕೆ ನಾಲ್ಕೇ ಉಳಿದಿರುತ್ತವೆ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಸಮಯ ತೋರಿಸಿದರೆ ಲೆಕ್ಕವನ್ನು ನಂಬಬಹುದು. ತೋರಿಸದಿದ್ದರೆ ನಡುವೆ ಸೀಸ ಸೋರಿಹೋಗಿದೆಯಾ ಅಂತ ಅನುಮಾನಿಸಬೇಕು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಮೇಷ್ಟ್ರು ಕೊನೆಗೆ ಹೇಳಿದ ವಿಷಯ. ಕಲ್ಲು ಮತ್ತೆ ಕಾವಿಗೆ ಸಿಕ್ಕಾಗ ಅದರ ಎಷ್ಟೋ ಖನಿಜಗಳ ಗಡಿಯಾರ ಸೊನ್ನೆಗೆ ಬರುತ್ತದೆ. ಅಂಥದ್ದನ್ನು ಅಳೆದರೆ ಕಲ್ಲು ಕೊನೆಯ ಸಲ ಬೆಂದದ್ದು ಯಾವಾಗ ಅಂತ ಗೊತ್ತಾಗುತ್ತದೆ, ಹುಟ್ಟಿದ್ದು ಯಾವಾಗ ಅಂತಲ್ಲ. ಜಿರ್ಕಾನ್ ಹಾಗಲ್ಲ. ಎಷ್ಟೋ ಸಲ ಅದರ ಹಳೇ ಹರಳು ಒಳಗೆ ಹಾಗೇ ಉಳಿದು, ಮೇಲೆ ಹೊಸ ಪದರು ಬೆಳೆಯುತ್ತದೆ. ಹರಳನ್ನು ಉಜ್ಜಿ ಎಲೆಕ್ಟ್ರಾನ್ ಕಿರಣ ಬಿಟ್ಟರೆ ಮರದ ಕಾಂಡದಲ್ಲಿರುವಂತೆ ಸುತ್ತುಗಳು ಕಾಣುತ್ತವೆ. ನಡುವಿಗೊಂದು, ಅಂಚಿಗೊಂದು ಕಡೆ ಕೂದಲಿಗಿಂತ ಸಣ್ಣ ಚುಕ್ಕಿ ಕೊರೆದು ಅಳೆಯುತ್ತಾರೆ. ನಡುವಿನದು ಹುಟ್ಟಿದ ವಯಸ್ಸು ಹೇಳುತ್ತದೆ, ಅಂಚಿನದು ಬೆಂದ ವಯಸ್ಸು ಹೇಳುತ್ತದೆ. ದಕ್ಷಿಣ ಕರ್ನಾಟಕದ ಎಷ್ಟೋ ಕಲ್ಲುಗಳಲ್ಲಿ ಸುಮಾರು 250 ಕೋಟಿ ವರ್ಷದ ಹಿಂದಿನ ಕಾವಿನ ಗುರುತಿದೆಯಂತೆ.

ಗೊರೂರು ಕಡೆಯ ನೈಸ್ ಕಲ್ಲಿನ ವಯಸ್ಸನ್ನು 1980ರಲ್ಲೇ ರುಬಿಡಿಯಂ ಮತ್ತು ಸ್ಟ್ರಾನ್ಷಿಯಂ ಲೆಕ್ಕದಿಂದ ಅಳೆದಿದ್ದರು. 330 ಕೋಟಿಗೂ ಮೇಲೆ ಬಂದಿತ್ತು. ಅಪ್ಪ ಡ್ಯಾಮಿಗೆ ಕಲ್ಲು ಹೊಡೆದು ಮನೆಗೆ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟೇ. ಆಧಾರ್‌ನಲ್ಲಿರುವುದು ಅಪ್ಪನ ಅಂಚಿನ ವಯಸ್ಸು. ಕಲ್ಲು ಹೊಡೆದು, ಬಿಸಿಲಲ್ಲಿ ಬೆಂದು ಬಂದವನ ಮುಖ ನೋಡಿ ಯಾರೋ ಬರೆದದ್ದು. ನಡುವಿನ ಹರಳು ಮನೆಯಲ್ಲೇ ಎಲ್ಲೋ ಇರಬೇಕು. ಟ್ರಂಕು ತೆಗೆದು ಹುಡುಕಿದೆ. ದೊಡ್ಡಕ್ಕನ ಶಾಲೆಯ ಟಿಸಿ ಸಿಕ್ಕಿತು. ಹುಟ್ಟಿದ ವರ್ಷ 1980. ಆಧಾರ್ ಪ್ರಕಾರ ಅಪ್ಪ 14ನೇ ವಯಸ್ಸಿಗೇ ಮಗಳನ್ನು ಹೆತ್ತಿದ್ದಾನೆ! ಡ್ಯಾಮಿನ ಮೀಸೆ, ಅಕ್ಕನ ಟಿಸಿ, ಎರಡು ಗಡಿಯಾರವೂ ಒಂದೇ ಕಡೆ ಕೈ ತೋರಿಸುತ್ತಿದ್ದವು.

ಟಿಸಿ ನಕಲು ಲಗತ್ತಿಸಿ, ವಯಸ್ಸು ತಿದ್ದಿಕೊಡಿ ಅಂತ ಮತ್ತೆ ಅರ್ಜಿ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ನಿಮ್ಮ ಮನೆಯಲ್ಲೂ ಜನವರಿ ಒಂದರಂದು ಹುಟ್ಟಿದ ಹಿರಿಯರಿದ್ದರೆ ಹಳೇ ಟ್ರಂಕು ಒಮ್ಮೆ ತೆಗೆದು ನೋಡಿ. ಮಕ್ಕಳ ಟಿಸಿ, ಹಳೇ ರೇಷನ್ ಕಾರ್ಡು, ಜಮೀನಿನ ಕಾಗದ, ಯಾವುದನ್ನೂ ಒಲೆಗೆ ಹಾಕಬೇಡಿ.

ಮೇಷ್ಟ್ರು ಒಯ್ದ ಚೂರಿನ ಜೊತೆಗೇ ಎದ್ದ ಇನ್ನೊಂದು ಚಕ್ಕೆಯನ್ನು ಅಪ್ಪ ತಂದು ಜಗಲಿಯ ಮೇಲೆ ಇಟ್ಟುಕೊಂಡಿದ್ದಾನೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತಾನೆ. "ಇದ್ಕೆ 330 ಕೋಟಿ ವರ್ಷ ಅಂತೆ. ಇದ್ರ ವಯಸ್ಸು ಒಪ್ಕೊಂಡವ್ರೆ. ನಂದೊಂದು ಒಪ್ತಾ ಇಲ್ಲ ನೋಡಿ."