ಕೊಡೆಗೊಂದು ದೀಪ

ಬೆಂಗಳೂರಿನ ಮೇ ತಿಂಗಳ ಮಳೆ ಗೊತ್ತಲ್ಲ? ಬೆಳಗ್ಗೆ ಸುಡು ಬಿಸಿಲು, ಸಂಜೆ ನೋಡಿದ್ರೆ ರಸ್ತೆಯೆಲ್ಲ ಹೊಳೆ. ನಾನಂತೂ ಕೊಡೆ ಮರೆಯೋದರಲ್ಲಿ ನಿಸ್ಸೀಮ. ಕೊಡೆಯೇ ನನ್ನನ್ನು ಕರೆಯೋ ಹಾಗೆ ಮಾಡಿದರೆ ಹೇಗೆ ಅಂತ ತಲೆಗೆ ಹುಳ ಬಿಟ್ಕೊಂಡೆ.

ಸ್ವಂತ ಐಡಿಯಾ ಏನಲ್ಲ ಬಿಡಿ. ಅಮೆರಿಕದ ಆಂಬಿಯೆಂಟ್ ಡಿವೈಸಸ್ ಕಂಪನಿ ಹಿಂದೆಯೇ ಮಳೆಯ ಮುನ್ಸೂಚನೆ ಇದ್ದರೆ ಹಿಡಿಯಲ್ಲಿ ನೀಲಿ ಬೆಳಕು ಮೂಡುವ ಕೊಡೆ ಮಾಡಿತ್ತು. ನಾನು ಒಂದು ನೋಡ್‌ಎಂಸಿಯು ಬೋರ್ಡು, ನೀಲಿ ಎಲ್‌ಇಡಿ, ಲಿಥಿಯಂ ಸೆಲ್ ಸೇರಿಸಿ ಹಿಡಿಗೆ ಕಟ್ಟಿದೆ. ಅರ್ಧ ಗಂಟೆಗೊಮ್ಮೆ ಎದ್ದು, ವೈಫೈ ಹಿಡಿದು, ಓಪನ್-ಮೀಟಿಯೊದಿಂದ ಮುಂದಿನ 6 ಗಂಟೆಯ ಮಳೆ ಸಾಧ್ಯತೆ ಕೇಳುತ್ತೆ. 40% ದಾಟಿದರೆ ದೀಪ, ಇಲ್ಲದಿದ್ದರೆ ಮತ್ತೆ ನಿದ್ದೆ.

ಐದು ದಿನ ಚೆನ್ನಾಗೇ ನಡೀತು. ಆರನೇ ದಿನ ತರಕಾರಿ ತರಲು ಹೋದ ಅಮ್ಮ ತೊಯ್ದು ತೊಪ್ಪೆಯಾಗಿ ಬಂದಳು. ಆಮೇಲೆ ಎರಡು ದಿನ ಜ್ವರ.

"ಮೋಡ ಕಟ್ಟಿತ್ತು ಕಣೋ. ನಿನ್ ದೀಪ ಹತ್ತಿರ್ಲಿಲ್ವಲ್ಲ, ಬರಲ್ಲ ಅಂದ್ಕೊಂಡೆ."

ನೋಡಿದರೆ ಸೆಲ್ ಖಾಲಿ! ಚಿಪ್ ಮಲಗಿದ್ದರೂ ಬೋರ್ಡಿನ ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಕರೆಂಟ್ ಕುಡೀತಾನೇ ಇರುತ್ತವೆ. ಅದನ್ನು ಸರಿ ಮಾಡಬಹುದು. ಬೇಜಾರಾಗಿದ್ದು ಬೇರೆಯದಕ್ಕೆ. 'ಮಳೆ ಇಲ್ಲ' ಅನ್ನೋದಕ್ಕೂ 'ಸೆಲ್ ಇಲ್ಲ' ಅನ್ನೋದಕ್ಕೂ ನಾನು ಒಂದೇ ಕತ್ತಲೆ ಇಟ್ಟಿದ್ದೆ. ಇಷ್ಟು ವರ್ಷ ಆಕಾಶ ನೋಡಿಯೇ ಹಪ್ಪಳ ಒಳಗೆ ತರುತ್ತಿದ್ದವಳು, ಮಗನನ್ನು ನಂಬಿ ಕಣ್ಣೆದುರಿನ ಮೋಡವನ್ನು ನಂಬಲಿಲ್ಲ.

ಈಗ ಮಳೆ ಇಲ್ಲದಿದ್ದರೆ ಹಸಿರು ಮಿಣುಕುತ್ತೆ. ಏನೂ ಕಾಣದಿದ್ದರೆ ಕೊಡೆ ಒಯ್ಯಲೇಬೇಕು ಅಂತ ರೂಲು. ಅಮ್ಮ ಮಾತ್ರ ಮೊದಲು ಬಾಲ್ಕನಿಗೆ ಹೋಗಿ ಆಕಾಶ ನೋಡ್ತಾಳೆ. ದೀಪ ಏನಿದ್ದರೂ ಆಮೇಲೆ.